ಬೊಮ್ಮಸಂದ್ರದಲ್ಲಿ ನನ್ನ ಬಾಡಿಗೆ ಸೈಕಲ್

ತಮಿಳುನಾಡಿನ ಹೊಸೂರಲ್ಲಿ ನಮ್ಮದು ಅಪ್ಪನ ಕಾಲದ ಸೈಕಲ್ ಶಾಪು. ಗಂಟೆ ಲೆಕ್ಕದ ಬಾಡಿಗೆ. ಗೋಡೆಗೆ ನೇತುಹಾಕಿದ ಸ್ಲೇಟಿನಲ್ಲಿ ಹೆಸರು, ಹೊರಟ ಟೈಮು. 1980ರಲ್ಲಿ ಟಿವಿಎಸ್ ಫಿಫ್ಟಿ ಬಂತು, ಅದೂ ನಮ್ಮೂರ ಫ್ಯಾಕ್ಟರಿಯಿಂದಲೇ. ನಮ್ಮ ಸ್ಲೇಟು ಅಟ್ಟ ಸೇರಿತು. ಅಲ್ಲಿಂದಾಚೆಗೆ ಅಪ್ಪ ಬರೀ ಪಂಚರ್ ಹಾಕಿಯೇ ನಮ್ಮನ್ನ ಓದಿಸಿದ.

ಮತ್ತೆ ಬಾಡಿಗೆ ಸೈಕಲ್ ಶುರುಮಾಡ್ತೀನಿ ಅಂದಾಗ ಭಾವಮೈದ ನಕ್ಕಿದ್ದು ಇನ್ನೂ ಕಿವೀಲಿದೆ. "ಭಾವ, ಸ್ಕೂಟರ್‌ನ ಇಎಂಐ ಮೇಲೆ ಮನೆ ಬಾಗಿಲಿಗೇ ತಂದು ಕೊಡ್ತಾವ್ರೆ. ತುಳಿಯೋಕೆ ಯಾವನು ಬತ್ತಾನೆ?" ಈಗ ನನ್ನ 140 ಸೈಕಲ್ ತಿಂಗಳ ಬಾಡಿಗೆ ಮೇಲೆ ಓಡ್ತಿವೆ. ಊರಲ್ಲಿ ಓಡಲಿಲ್ಲ; ಬಾರ್ಡರ್ ದಾಟಿ ಬೆಂಗಳೂರಿನ ಬೊಮ್ಮಸಂದ್ರಕ್ಕೆ ಹೋದಮೇಲೆ ಓಡಿದವು. ನಮ್ಮ ಲೈನಿನವರು ಫೋನ್ ಮಾಡಿ ಹೆಂಗ್ ಮಾಡ್ದೆ ಅಂತ ಕೇಳ್ತಾನೇ ಇರ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೆ ಬರೀತಿದ್ದೀನಿ.

ಮೊದಲು ಕಳ್ಕೊಂಡ ದುಡ್ಡಿನ ಕಥೆ. 2022ರಲ್ಲಿ ಹೊಸೂರು ಬಸ್ ಸ್ಟ್ಯಾಂಡ್ ಹತ್ರ ಹನ್ನೆರಡು ಸೈಕಲ್ ಇಟ್ಟೆ, ಗಂಟೆಗೆ ಹತ್ತು ರೂಪಾಯಿ. ಬಂದೋರೆಲ್ಲ ಕಾಲೇಜು ಹುಡುಗರು. ಚಂದ್ರಚೂಡೇಶ್ವರನ ಬೆಟ್ಟದ ಇಳಿಜಾರಲ್ಲಿ ತ್ರಿಬಲ್ಸ್ ಹೊಡೆದು, ರಿಮ್ಮು ಹಪ್ಪಳ ಆಗಿ ವಾಪಸ್ ತರೋರು. ದಿನದ ಕಲೆಕ್ಷನ್ ನೂರೋ ನೂರಿಪ್ಪತ್ತೋ. ಬೆಂಡ್ ತೆಗೆಯೋದರಲ್ಲೇ ಸಂಜೆ ಆಗೋದು. ನಾಲ್ಕು ತಿಂಗಳಿಗೆ ಬಾಗಿಲು ಹಾಕಿದೆ.

ಆಮೇಲೆ ನಮ್ಮೂರ ಸಿಪ್‌ಕಾಟ್ ಇಂಡಸ್ಟ್ರಿಯಲ್ ಏರಿಯಾ ಕಡೆ ಫ್ಯಾಕ್ಟರಿ ಹುಡುಗರಿಗೆ ತಿಂಗಳಿಗೆ 150ರಂತೆ ಕೊಟ್ಟೆ. ಪಂಚರ್ ಕಾಟ ತಪ್ಪಲಿ ಅಂತ ಗಾಳಿ ಬೇಡದ ಗಟ್ಟಿ ಟಯರ್ ಹಾಕಿಸಿದೆ, ಹತ್ತು ಸೈಕಲ್ಲಿಗೆ ಸುಮಾರು ಹದಿನಾಲ್ಕು ಸಾವಿರ. ಪಂಚರ್ ಏನೋ ನಿಂತಿತು, ಆದರೆ ಹಿಂದಿನ ಚಕ್ರದ ಕಡ್ಡಿ ವಾರಕ್ಕೆ ಎರಡು ಮೂರು ಮುರಿಯೋಕೆ ಶುರುವಾದವು. ಒಬ್ಬ ಹುಡುಗ ಸೊಂಟ ಹಿಡ್ಕೊಂಡು ಬಂದು, "ಅಣ್ಣಾ, ಎತ್ತಿನ ಗಾಡೀಲಿ ಕೂತಂಗಾಗ್ತದೆ" ಅಂತ ಬೀಗದ ಕೈ ಮೇಜಿನ ಮೇಲಿಟ್ಟು ಹೋದ. ಆ ಟಯರ್‌ಗಳು ಈಗ ಸುಣ್ಣದ ಮೂಟೆ ಸಾಗಿಸೋ ತಳ್ಳುಗಾಡಿಯಲ್ಲಿವೆ. ಜಿಪಿಎಸ್ ಹುಚ್ಚೂ ಹಿಡಿದಿತ್ತು, ಆರು ಸೈಕಲ್ಲಿಗೆ ಕೂರಿಸಿದೆ. ಮಳೆಗಾಲಕ್ಕೆ ಮೊದಲೇ ಐದು ಸತ್ತವು. ಆರನೆಯದು ಸೈಕಲ್ ಸಮೇತ ಹೋಯ್ತು. ಕೊನೇ ಸಲ ಕಂಡಿದ್ದು ಬಾಗಲೂರು ರಸ್ತೇಲಿ. ಎಲ್ಲ ಸೇರಿ ಎಪ್ಪತ್ತು ಸಾವಿರಕ್ಕೆ ಕಮ್ಮಿ ಇಲ್ಲದಂಗೆ ಮುಳುಗಿದೆ. ಹೆಂಡತಿಗೆ ನಲವತ್ತು ಅಂತ ಹೇಳಿದ್ದೀನಿ.

ಬೆಂಗಳೂರಲ್ಲಿ ಸೈಕಲ್ ಅಂದ್ರೆ ಭಾನುವಾರ ಹೆಲ್ಮೆಟ್ ಹಾಕ್ಕೊಂಡು ನಂದಿಬೆಟ್ಟ ಹತ್ತೋರು ಅಂತಲೇ ಲೆಕ್ಕ. ಅವರ ಬಗ್ಗೆ ನನಗೇನೂ ಬೇಜಾರಿಲ್ಲ, ಅವರ ಒಂದು ಸೈಕಲ್ ದುಡ್ಡಿಗೆ ನನ್ನ ನಲವತ್ತು ಬರ್ತವೆ ಅಷ್ಟೆ. 2020ರಲ್ಲಿ ಔಟರ್ ರಿಂಗ್ ರೋಡಿನ ಅಂಚಿಗೆ ಗೂಟ ನೆಟ್ಟು ಸೈಕಲ್ ದಾರಿ ಮಾಡಿದ್ರು. ನಾನೂ ಒಂದು ಸಲ ಓಡಿಸಿದೆ, ಚೆನ್ನಾಗಿತ್ತು. ಆಮೇಲೆ ಹೋದಾಗ ಗೂಟಗಳಿರಲಿಲ್ಲ, ಕಾರುಗಳಿದ್ದವು. ಮೊಬೈಲಲ್ಲಿ ಬೀಗ ತೆಗೆಯೋ ಸೈಕಲ್ಲುಗಳೂ ಬಂದವು, ಕೆಲವು ಮೋರಿಯಲ್ಲಿ ಬಿದ್ದಿದ್ದನ್ನ ಕಣ್ಣಾರೆ ನೋಡಿದ್ದೀನಿ. ನನಗೆ ನಿಜವಾಗಿ ಪಾಠ ಹೇಳಿದ್ದು ಮೈಸೂರಿನ ಟ್ರಿಣ್ ಟ್ರಿಣ್ ಅನ್ನೋ ಬಾಡಿಗೆ ಸೈಕಲ್ ಯೋಜನೆ. 2017ರಲ್ಲಿ ಶುರುವಾದಾಗ ಹೋಗಿ ಅರ್ಧ ದಿನ ನಿಂತು ನೋಡಿದ್ದೆ. ಅಲ್ಲಿ ಸೈಕಲ್ಲಿಗೊಂದು ಗೂಡಿತ್ತು, ಎಲ್ಲೆಂದರಲ್ಲಿ ಬಿಸಾಕಿ ಹೋಗೋ ಹಾಗಿರಲಿಲ್ಲ.

2025ರ ಆಗಸ್ಟ್ 10ಕ್ಕೆ ಹಳದಿ ಮೆಟ್ರೊ ಉದ್ಘಾಟನೆ ಆಯ್ತು, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ. ಮೊದಲಲ್ಲಿ ರೈಲು ಇದ್ದಿದ್ದೇ ಮೂರು. ಒಂದು ತಪ್ಪಿದ್ರೆ ಇಪ್ಪತ್ತೈದು ನಿಮಿಷ ಕಾಯಬೇಕು. ಸ್ಟೇಷನ್ ಕೆಳಗೆ ಒಂದು ವಾರ ಟೀ ಕುಡೀತಾ ನಿಂತೆ. ಇಳಿದ ಜನ ಫ್ಯಾಕ್ಟರಿ ಕಡೆಗೆ ಎರಡು ಕಿಲೋಮೀಟರ್ ಬಿರಬಿರನೆ ನಡೀತಿದ್ರು, ಇಲ್ಲಾಂದ್ರೆ ಆಟೋದಲ್ಲಿ ಆರು ಜನ ನೇತಾಡ್ತಿದ್ರು. ಸಂಜೆ ರೈಲಿಗೆ ಅದೇ ಓಟ. ಅಲ್ಲೇ ಹತ್ತಿರ ಒಬ್ಬರ ಖಾಲಿ ಸೈಟು ಹಿಡಿದೆ, ತಿಂಗಳಿಗೆ ನಾಲ್ಕು ಸಾವಿರ.

ಸೈಕಲ್ ಎಲ್ಲಿಂದ ಅಂತ ಎಲ್ಲರೂ ಕೇಳ್ತಾರೆ. ತಮಿಳುನಾಡು ಸರ್ಕಾರ ಹನ್ನೊಂದನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ ಕೊಡ್ತದೆ. ಕರ್ನಾಟಕದಲ್ಲೂ 2006-07ರಿಂದ ಎಂಟನೇ ಕ್ಲಾಸಿಗೆ ಕೊಡ್ತಿದ್ರು, ಕೊರೊನಾ ಬಂದಮೇಲೆ ನಿಂತುಹೋಯ್ತು. ನಮ್ಮ ಕಡೆ ಮತ್ತಿಗಿರಿ, ತಳಿ, ಡೆಂಕಣಿಕೋಟೆ ಸುತ್ತ ಓದು ಮುಗಿದ ಮನೆಗಳಲ್ಲಿ ಈ ಸೈಕಲ್ಲುಗಳು ಕೊಟ್ಟಿಗೆ ಗೋಡೆಗೆ ಒರಗಿಕೊಂಡು ತುಕ್ಕು ಹಿಡೀತಿರ್ತವೆ. ಓದ್ತಿರೋ ಮಗುವಿನ ಸೈಕಲ್ ಮಾತ್ರ ಎಷ್ಟಕ್ಕೆ ಕೊಟ್ಟರೂ ಮುಟ್ಟಲ್ಲ. ಒಂಬೈನೂರರಿಂದ ಸಾವಿರದ ಇನ್ನೂರರೊಳಗೆ ತರ್ತೀನಿ. ಓವರಾಯಿಲ್ ಮಾಡಿ, ಟಯರು ಟ್ಯೂಬು, ಬ್ರೇಕ್ ಕಟ್ಟೆ, ಗುಂಡು, ಕೋನು ಎಲ್ಲ ಹೊಸದು ಹಾಕಿದ್ರೆ ಒಟ್ಟು ಎರಡೂವರೆ ಸಾವಿರಕ್ಕೆ ನಿಲ್ಲುತ್ತೆ. ಕೆಲಸವೆಲ್ಲ ಹೊಸೂರಲ್ಲೇ, ಹದಿನಾಲ್ಕು ಹದಿನಾಲ್ಕರಂತೆ ಗೂಡ್ಸ್ ಗಾಡೀಲಿ ಅತ್ತಿಬೆಲೆ ದಾಟಿಸ್ತೀನಿ.

ಒಂದು ಬದಲಾವಣೆ ಎಲ್ಲದಕ್ಕೂ ಮಾಡ್ತೀನಿ. ಮುಂದೆ ಪೆಡಲಿನ ಹತ್ರದ ಚಕ್ರಕ್ಕೆ 44 ಹಲ್ಲಿದ್ದು ಹಿಂದಿನ ಗಾಲಿಗೆ 18 ಹಲ್ಲಿನ ಫ್ರೀವೀಲ್ ಇದ್ದರೆ, ಹಿಂದಿನದ್ದನ್ನ ತೆಗೆದು 22 ಹಲ್ಲಿಂದು ಹಾಕಿ ಚೈನಿಗೆ ಕೊಂಡಿ ಸೇರಿಸ್ತೀನಿ, ತುಳಿಯೋದು ಹಗುರ ಆಗುತ್ತೆ. ಸ್ಪೀಡ್ ಕಮ್ಮಿ ಆಗುತ್ತೆ ಅಂತ ನಮ್ಮ ಶಾಪಿನ ಹಳೇ ಮೇಸ್ತ್ರಿಯೇ ಬೈದ. ಹನ್ನೆರಡು ಗಂಟೆ ನಿಂತು ಕೆಲಸ ಮಾಡಿದ ಕಾಲಿಗೆ ಸ್ಪೀಡ್ ಯಾಕೆ? ಜಿಗಣಿ ಲಿಂಕ್ ರೋಡಿನ ಏರಲ್ಲಿ ಇಳಿದು ತಳ್ಳೋದು ತಪ್ಪಿದರೆ ಸಾಕು. ಮೊದಲ ತಿಂಗಳು ಅರ್ಧಕ್ಕೆ 18, ಅರ್ಧಕ್ಕೆ 22 ಹಾಕಿ ಕೊಟ್ಟಿದ್ದೆ. ಎರಡನೇ ತಿಂಗಳು ಬಂದವರು ನಂಬರ್ ಹೇಳಿ 22 ಇದ್ದದ್ದನ್ನೇ ಕೇಳಿದ್ರು.

ಪಂಚರ್‌ಗೆ ಮದ್ದು ಟ್ಯೂಬಿನೊಳಗೆ ಹಾಕೋ ಒಂದು ಕೂಟು. ಅಂಗಡೀಲಿ ಸಿಗೋ ಜೆಲ್ ದುಬಾರಿ, ಇದು ಸೈಕಲ್ಲಿಗೆ ಹನ್ನೊಂದು ರೂಪಾಯಿ ಬೀಳುತ್ತೆ. ಜಾಲಿ ಮುಳ್ಳಿಗೆ ಕ್ಯಾರೇ ಅನ್ನಲ್ಲ. ಅದರಲ್ಲಿ ಏನೇನಿದೆ ಅಂತ ಇಲ್ಲಿ ಬರೆಯಲ್ಲ, ಕ್ಷಮಿಸಿ. ಮೈದಾ ಇಲ್ಲ, ಅಷ್ಟು ಹೇಳಬಲ್ಲೆ. ಮೈದಾ ಹಾಕಿ ನೋಡಿದ್ದೆ, ಮೂರನೇ ವಾರ ವಾಲ್ವ್ ಬಿಚ್ಚಿದಾಗ ಬಂದ ವಾಸನೆಗೆ ಪಕ್ಕದ ಬೇಕರಿಯವನು ಜಗಳಕ್ಕೆ ಬಂದ.

ಕಳ್ಳತನಕ್ಕೆ ಉಪಾಯ ಬಣ್ಣ. ಫ್ರೇಮಿನ ಮುಂದಿನರ್ಧ ಗುಲಾಬಿ, ಹಿಂದಿನರ್ಧ ಗಿಳಿಹಸಿರು, ಮಡ್‌ಗಾರ್ಡ್ ಮೇಲೆ ಅಂಗೈಯಗಲದ ನಂಬರು. ನೋಡಿದ್ರೆ ವಾಂತಿ ಬರಬೇಕು. ಗುಜರಿಯವನೂ ಇಂಥದ್ದನ್ನ ಕೊಳ್ಳೋಕೆ ಹೆದರ್ತಾನೆ. ಸೀಟು ಕದಿಯೋರಿಗೆ ಬೇರೆ ಒಂದು ನಟ್ಟಿದೆ, ಅದರ ಸ್ಪ್ಯಾನರ್ ನನ್ನ ಹತ್ರ ಮಾತ್ರ ಇದೆ. ಇದುವರೆಗೆ ಹೋಗಿರೋದು ಎರಡೇ ಸೈಕಲ್.

ಇಷ್ಟೆಲ್ಲ ಮಾಡಿಯೂ ಮೊದಲ ಎರಡು ತಿಂಗಳು ಹೊರಗಿದ್ದಿದ್ದು ಮೂವತ್ತು ದಾಟಲಿಲ್ಲ. ಐನೂರು ಅಡ್ವಾನ್ಸ್, ಆಧಾರ್ ಜೆರಾಕ್ಸ್ ಅಂದ ತಕ್ಷಣ ಹುಡುಗರು ಜಾರಿಕೊಳ್ತಿದ್ರು. ಜೆರಾಕ್ಸ್ ಇಟ್ಕೊಂಡು ನಾನಾದ್ರೂ ಏನು ಮಾಡ್ತೀನಿ, ಅವನ ಮನೆ ಒಡಿಶಾದಲ್ಲಿ. ದಾರಿ ತೋರಿಸಿದ್ದು ರಾಯಚೂರು ಕಡೆಯ ಅಕ್ಕ ಒಬ್ಬರು, ಅಲ್ಲೇ ರೊಟ್ಟಿ ಮೆಸ್ ನಡೆಸ್ತಾರೆ. ಒಬ್ಬ ಹುಡುಗನನ್ನ ಕರ್ಕೊಂಡು ಬಂದು, "ಮೂರು ತಿಂಗಳಿಂದ ನನ್ನ ಮೆಸ್ಸಿನ್ಯಾಗ ಉಣ್ಣಾಕತ್ಯಾನ್ರಿ, ಲೆಕ್ಕ ತಪ್ಪಿಲ್ಲ. ಕೊಡ್ರಿ ಅಣ್ಣಾರ, ನಾ ಅದೀನಿ" ಅಂದ್ರು. ಊಟದ ಲೆಕ್ಕ ಬಾಕಿ ಉಳಿಸದೋನು ಸೈಕಲ್ ತಗೊಂಡು ಓಡಲ್ಲ ಅಂತ ಅವರ ನಂಬಿಕೆ. ಈಗ ಐದು ಮೆಸ್ಸಿನವರು ನನಗೆ ಜಾಮೀನು. ಬಾಡಿಗೇನೂ ಅವರೇ ಊಟದ ದುಡ್ಡಿನ ಜೊತೆ ವಸೂಲು ಮಾಡ್ತಾರೆ, ಸೈಕಲ್ಲಿಗೆ ಇಪ್ಪತ್ತು ರೂಪಾಯಿ ಅವರಿಗೆ. ಡಿಸೆಂಬರ್ ಹೊತ್ತಿಗೆ ತೊಂಬತ್ತಾಯಿತು.

ಇನ್ನೊಂದು ಗುಟ್ಟೇನಲ್ಲ, ಬರೀ ದುಡಿಮೆ. ಎಂಟಕ್ಕೊಂದು ಸೈಕಲ್ ಯಾವಾಗಲೂ ಗಾಳಿ ತುಂಬಿ ಸ್ಟ್ಯಾಂಡಲ್ಲಿ ನಿಂತಿರಬೇಕು. ಕೆಟ್ಟಿದ್ದನ್ನ ಬಿಟ್ಟು ಇದನ್ನ ತಗೊಂಡು ಹೋಗ್ತಾ ಇರಬಹುದು, ಕೇಳೋರಿಲ್ಲ. ಐದು ನಿಮಿಷ ಲೇಟಾದ್ರೆ ಅರ್ಧ ದಿನದ ಸಂಬಳ ಹಿಡಿಯೋ ಕಡೆ "ನಿಲ್ಲಪ್ಪಾ, ಪ್ಯಾಚ್ ಹಾಕ್ತೀನಿ" ಅಂದ್ರೆ ಅವನು ಮಾರನೇ ದಿನ ಬರಲ್ಲ. ಅದಕ್ಕೇ ಬೆಳಿಗ್ಗೆ ಐದಕ್ಕೆ ನಮ್ಮ ಹುಡುಗ ಪಂಪ್ ಹಿಡ್ಕೊಂಡು ನಿಂತಿರ್ತಾನೆ.

ತಿಂಗಳ ಬಾಡಿಗೆ ಈಗ 300, ರಿಪೇರಿ ಸೇರಿ. ಹುಡುಗನ ಸಂಬಳ ಹದಿಮೂರು ಸಾವಿರ, ಸೈಟಿನ ಬಾಡಿಗೆ, ಮೆಸ್ಸಿನವರದ್ದು, ಸಾಮಾನು ಏಳೆಂಟು ಸಾವಿರ, ಗಾಡಿ ಡೀಸೆಲ್ಲು. ಎಲ್ಲ ಕಳೆದು ಹನ್ನೆರಡು ಹದಿಮೂರು ಸಾವಿರ ಕೈಯಲ್ಲಿ ನಿಲ್ಲುತ್ತೆ. ಭಾವಮೈದ ಮೊನ್ನೆ ಪಾರ್ಟ್ನರ್ ಆಗ್ತೀನಿ ಅಂದ. ಯೋಚನೆ ಮಾಡ್ತೀನಿ ಅಂದಿದ್ದೀನಿ.

ಕೈಸುಟ್ಟುಕೊಂಡ ಪ್ರಯೋಗಗಳೂ ಇವೆ. ಒಂದೇ ಸೈಕಲ್ ಹಗಲಿಗೆ ಮೆಟ್ರೊದವನಿಗೆ, ರಾತ್ರಿಗೆ ಹೆಬ್ಬಗೋಡಿ ರೂಮಿನ ನೈಟ್ ಶಿಫ್ಟಿನವನಿಗೆ ಅಂತ ಡಬಲ್ ಬಾಡಿಗೆ ಕನಸು ಕಂಡೆ. ಕಾಗದದ ಮೇಲೆ ಅದ್ಭುತ. ಹಗಲಿನವನಿಗೆ ಓಟಿ ಬಿತ್ತು, ರಾತ್ರಿಯವನು ಸ್ಟ್ಯಾಂಡಲ್ಲಿ ನಿಂತು ನನ್ನ ಮನೆತನ ಎಲ್ಲ ನೆನೆಸಿಕೊಂಡ. ಹತ್ತು ದಿನಕ್ಕೆ ಕೈಬಿಟ್ಟೆ. ಡೈನಮೋನೂ ಹಾಕಿಸಿದ್ದೆ. ತುಳಿಯೋಕೆ ಭಾರ ಅಂತ ಯಾರೂ ಟಯರಿಗೆ ತಾಗಿಸಲಿಲ್ಲ. ಈಗ ಲಾರಿಗೆ ಅಂಟಿಸೋ ಕೆಂಪು ರಿಫ್ಲೆಕ್ಟರ್ ಪಟ್ಟಿಯನ್ನೇ ಹಿಂದೆ ಮುಂದೆ ಸುತ್ತಿದ್ದೀನಿ.

ಸದ್ಯಕ್ಕೆ ಬಗೆಹರಿಯದೆ ಇರೋದು ಲೇಡೀಸ್ ಸೈಕಲ್. ಮುಂದೆ ಬುಟ್ಟಿ ಇರೋ ಸ್ಕೂಲ್ ಸೈಕಲ್ಲುಗಳನ್ನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಇಷ್ಟಪಡ್ತಾರೆ, ಆದ್ರೆ ಇದುವರೆಗೆ ತಗೊಂಡಿರೋರು ಹನ್ನೊಂದೇ ಜನ. ಒಬ್ಬಾಕೆಯ ವೇಲು ಚೈನಿಗೆ ಸಿಕ್ಕಿ ಬಿದ್ದು ಮಂಡಿ ತರಚಿಕೊಂಡಳು. ಅವತ್ತಿಂದ ಅವಕ್ಕೆಲ್ಲ ಫುಲ್ ಚೈನ್ ಕವರ್ ಹಾಕಿದ್ದೀನಿ. ಈಗ ಚೈನ್ ಕಳಚಿದ್ರೆ ರಸ್ತೇಲಿ ಅವರೇ ಕೂರಿಸಿಕೊಳ್ಳೋಕಾಗಲ್ಲ, ನಾಲ್ಕು ಸ್ಕ್ರೂ ಬಿಚ್ಚಬೇಕು. ಕವರ್ ಬಿಚ್ಚದೆ ಚೈನ್ ಕೂರಿಸೋ ದಾರಿ ನಿಮ್ಮಲ್ಲಿ ಯಾರಿಗಾದ್ರೂ ಗೊತ್ತಿದ್ರೆ ಹೇಳಿ. ಬದಲಿಗೆ ಟ್ಯೂಬಿನ ಕೂಟು ಹೇಳ್ತೀನಿ. ಅರ್ಧ ಮಾತ್ರ.