ಅಂಗಡಿಗೆ ಹಾಕಿದ್ದೆಲ್ಲ ಸೇಲ್ ಅಲ್ಲ: ಚಟ್ನಿಪುಡಿ ಮಾರಿದ ನನ್ನ ಅನುಭವ

ಬೆಂಗಳೂರಿನ ಹನುಮಂತನಗರದಲ್ಲಿ ನಾನು, ನಮ್ಮ ಅತ್ತಿಗೆ, ಜೊತೆಗೆ ಇಬ್ಬರು ಹೆಲ್ಪರ್ಸ್ ಸೇರ್ಕೊಂಡು ಚಟ್ನಿಪುಡಿ, ಮೆಂತ್ಯದ ಹಿಟ್ಟು, ಹುರುಳಿಕಾಳು ಪುಡಿ ಮಾಡ್ತೀವಿ, ಈ ಮೂರೇ ಐಟಮ್. ನಾಲ್ಕು ವರ್ಷ ಆಯ್ತು. ಪುಡಿ ಹೇಗೆ ಮಾಡೋದು ಅಂತ ಹೇಳ್ಕೊಡೋರು ಬೇಕಾದಷ್ಟು ಜನ ಇದಾರೆ, ಆದ್ರೆ ಅದು ನಮ್ಮ ಮನೆಯಿಂದ ಅಂಗಡಿಗೆ ಹೋಗಿ, ಅಂಗಡಿಯಿಂದ ಇನ್ನೊಬ್ಬರ ಮನೆ ಅಡುಗೆಮನೆ ಸೇರೋ ತನಕ ಏನೇನಾಗುತ್ತೆ ಅಂತ ನಂಗೆ ಯಾರೂ ಹೇಳಿರ್ಲಿಲ್ಲ. ಹೊಸದಾಗಿ ಶುರು ಮಾಡೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಫುಡ್ ಲೈಸೆನ್ಸ್ ವಿಷಯ ಬೇಗ ಹೇಳಿಬಿಡ್ತೀನಿ. ನಾನು ಮಾಡಿಸಿದಾಗ ವರ್ಷದ ವ್ಯಾಪಾರ 12 ಲಕ್ಷದೊಳಗಿದ್ರೆ ಎಫ್ಎಸ್ಎಸ್ಎಐ (ಆಹಾರ ಸುರಕ್ಷತೆ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ) ರಿಜಿಸ್ಟ್ರೇಷನ್ ಸಾಕಾಗ್ತಿತ್ತು, ವರ್ಷಕ್ಕೆ ನೂರು ರೂಪಾಯಿ ಫೀಸು. ಆ 14 ಅಂಕಿ ನಂಬರು, ಎಂಆರ್‌ಪಿ, ತೂಕ, ತಯಾರಾದ ದಿನ, ಹಸಿರು ಚುಕ್ಕಿ, ದೂರು ಕೊಡೋಕೆ ಫೋನ್ ನಂಬರು, ಇಷ್ಟೂ ಪ್ಯಾಕೆಟ್ ಮೇಲೆ ಇರ್ಲೇಬೇಕು. ಮೊದಲನೇ ಸಲವೇ ಸಾವಿರಾರು ಪೌಚು ಪ್ರಿಂಟ್ ಹಾಕಿಸ್ಬೇಡಿ, ಸ್ಟಿಕ್ಕರ್ ಅಂಟಿಸಿ, ಏನಾದ್ರೂ ಬದಲಾಯಿಸ್ಬೇಕಾಗೇ ಆಗುತ್ತೆ.

ಮೊದಲನೇ ವರ್ಷ ನಾನು ಒಬ್ಬ ಡಿಸ್ಟ್ರಿಬ್ಯೂಟರ್ ಹಿಡಿದೆ. 100 ಗ್ರಾಂ ಪ್ಯಾಕೆಟ್ಟಿಗೆ ಎಂಆರ್‌ಪಿ 60, ಅಂಗಡಿಯವರಿಗೆ 48, ಡಿಸ್ಟ್ರಿಬ್ಯೂಟರ್‌ಗೆ 44. ಸಾಮಾನು, ಪೌಚು, ಗ್ಯಾಸು, ಕೂಲಿ ಎಲ್ಲಾ ಸೇರಿ ನಂಗೆ 31 ಬೀಳ್ತಿತ್ತು, 13 ಉಳೀತಿತ್ತು, ಪರವಾಗಿಲ್ಲ ಅನ್ಕೊಂಡೆ. ಆಮೇಲೆ ಅವರು "ಸ್ಕೀಮ್ ಏನ್ ಕೊಡ್ತೀರಾ ಮೇಡಂ, ಸ್ಕೀಮ್ ಇಲ್ದೆ ಹೊಸ ಬ್ರ್ಯಾಂಡ್ ಯಾರೂ ಮುಟ್ಟಲ್ಲ" ಅಂದ್ರು, ಹತ್ತಕ್ಕೆ ಒಂದು ಫ್ರೀ ಅಂತ ಒಪ್ಕೊಂಡೆ. ಲೆಕ್ಕ ನೋಡಿ, 440 ರೂಪಾಯಿಗೆ 11 ಪ್ಯಾಕೆಟ್ ಹೋದ್ರೆ ಒಂದಕ್ಕೆ ಸಿಗೋದು 40, ಉಳಿಯೋದು 9. ಕೊಟ್ಟಿದ್ದು ಒಂದೇ ಪ್ಯಾಕೆಟ್ ಅನ್ಸುತ್ತೆ, ಆದ್ರೆ ಲಾಭದಲ್ಲಿ ಹತ್ರಹತ್ರ ಮೂರನೇ ಒಂದು ಪಾಲು ಹೋಯ್ತು. ಯಾವುದೇ ಸ್ಕೀಮ್ ಒಪ್ಪೋ ಮುಂಚೆ ಇದನ್ನ ಪೇಪರ್ ಮೇಲೆ ಬರೆದು ನೋಡಿ, ದಯವಿಟ್ಟು.

ಮೂರು ತಿಂಗಳಲ್ಲಿ 130 ಅಂಗಡಿಗೆ 2,200 ಪ್ಯಾಕೆಟ್ ಹೋಯ್ತು, ಮನೇಲಿ ಎಲ್ರಿಗೂ ಖುಷಿ, ಇನ್ನೊಂದು ಮಿಕ್ಸರ್ ಕೂಡ ತಗೊಂಡ್ವಿ. ನಾಲ್ಕನೇ ತಿಂಗಳು 900 ಪ್ಯಾಕೆಟ್ ವಾಪಸ್ ಬಂತು. ಮಾರಾಟ ಆಗದೇ ಡೇಟ್ ಮುಗಿದಿದ್ದನ್ನ ಮಾಡಿದವರೇ ವಾಪಸ್ ತಗೋಬೇಕು, ಈ ಲೈನಲ್ಲಿ ಅದೇ ಪದ್ಧತಿ, ಬರಬೇಕಿದ್ದ ದುಡ್ಡಲ್ಲಿ ಅಷ್ಟೂ ಹಿಡ್ಕೊಂಡ್ರು. ನಾನು ಸೇಲ್ ಅನ್ಕೊಂಡಿದ್ದು ಅಂಗಡಿ ತುಂಬಿಸಿದ್ದು ಅಷ್ಟೇ, ಅಲ್ಲಿಂದ ಯಾರು ಕೊಂಡ್ರು, ಕೊಂಡವರು ಎರಡನೇ ಸಲ ಕೇಳಿದ್ರಾ ಅಂತ ನಾನು ಒಂದು ದಿನಾನೂ ಹೋಗಿ ನೋಡಿರ್ಲಿಲ್ಲ.

ಆಮೇಲೆ ಸ್ಕೂಟರ್ ತಗೊಂಡು ಅಂಗಡಿ ಅಂಗಡಿ ಸುತ್ತಿದೆ. ಶ್ರೀನಗರದಲ್ಲಿ ಪಶ್ಚಿಮಕ್ಕೆ ಬಾಗಿಲಿರೋ ಒಂದು ಅಂಗಡಿ, ನಮ್ಮ ಚಟ್ನಿಪುಡಿ ಸರ ಮುಂದೇನೇ ನೇತಾಕಿದ್ರು, ಎಷ್ಟು ಒಳ್ಳೆ ಜಾಗ ಕೊಟ್ಟಿದಾರೆ ಅನ್ಕೊಂಡು ಹತ್ತಿರ ಹೋದ್ರೆ ಮಧ್ಯಾಹ್ನದ ಬಿಸಿಲು ನೇರ ಅದರ ಮೇಲೆ ಬೀಳ್ತಿತ್ತು. ಪೌಚು ಟ್ರಾನ್ಸ್‌ಪರೆಂಟು. ಒಳಗಡೆ ಕೊಬ್ಬರಿ ಎಣ್ಣೆ ಬಿಟ್ಕೊಂಡು ಪ್ಲಾಸ್ಟಿಕ್ಕಿಗೆ ಅಂಟಿತ್ತು, ಕೆಂಪು ಬಣ್ಣ ಮಾಸಿ ಒಂಥರಾ ಕಂದು ತಿರುಗಿತ್ತು. ಒಂದು ಒಡೆದು ಮೂಸಿದೆ, ಕಮಟು ವಾಸನೆ. ಮೂರು ತಿಂಗಳು ಬಾಳಿಕೆ ಅಂತ ನಾನೇ ಹಾಕಿದ್ದು, ಬಿಸಿಲು ಬೆಳಕಿಗೆ ಕೊಬ್ಬರಿ ಆರು ವಾರಕ್ಕೇ ಹಾಳಾಗಿತ್ತು. ಅದನ್ನ ದುಡ್ಡು ಕೊಟ್ಟು ತಗೊಂಡು ಹೋಗಿ ಅನ್ನಕ್ಕೆ ಕಲಸ್ಕೊಂಡವರು ಎಷ್ಟು ಜನ ಇದ್ರೋ, ಅದನ್ನ ನೆನೆಸ್ಕೊಂಡ್ರೆ ಇವತ್ತಿಗೂ ಹೊಟ್ಟೆ ಕಿವುಚುತ್ತೆ. ಅವತ್ತೇ ಉಳಿದ ಅಷ್ಟೂ ಸ್ಟಾಕ್ ವಾಪಸ್ ತರಿಸಿದೆ. ಕೊಬ್ಬರೀನ ಪಸೆ ಹೋಗೋ ತನಕ ಸಣ್ಣ ಉರೀಲಿ ಹುರಿಯೋಕೆ ಶುರು ಮಾಡಿದ್ವಿ, ಒಳಗಡೆ ಬೆಳ್ಳಿ ಬಣ್ಣದ ಪದರ ಇರೋ ಪೌಚಿಗೆ ಬಂದ್ವಿ, ಒಂದೂವರೆ ರೂಪಾಯಿ ಜಾಸ್ತಿ ಆಯ್ತು, ಆಗ್ಲಿ.

ಅದೇ ಸುತ್ತಾಟದಲ್ಲಿ ಸಿಕ್ಕಿದ ಇನ್ನೊಬ್ಬರು ವಯಸ್ಸಾದ ಶೆಟ್ರು. ಮೆಂತ್ಯದ ಹಿಟ್ಟು ಯಾಕೆ ಹೋಗ್ತಿಲ್ಲ ಶೆಟ್ರೇ ಅಂತ ಕೇಳ್ದೆ. "ನೋಡಮ್ಮ, ಇದನ್ನ ಮಸಾಲೆ ಪುಡಿಗಳ ಸಾಲಲ್ಲಿ ಇಟ್ಟಿದೀನಿ, ಸಾರಿನ ಪುಡಿ ತಗೊಳೋಕೆ ಬಂದೋರು ಇದನ್ಯಾಕೆ ತಗೋತಾರೆ? ಇದನ್ನ ಮೊಸರಿಗೆ ಕಲಸ್ಕೊಂಡು ತಾನೇ ತಿನ್ನೋದು?" ಅಂದವರೇ ನಾಲ್ಕು ಪ್ಯಾಕೆಟ್ ಎತ್ತಿ ಮೊಸರಿನ ಫ್ರಿಜ್ ಪಕ್ಕ ಮೊಳೆಗೆ ನೇತಾಕಿದ್ರು. ನಾನು "ಮೊಸರಿಗೆ ಎರಡು ಚಮಚ ಕಲಸಿ, ಒಗ್ಗರಣೆ ಕೊಡಿ, ಗೊಜ್ಜು ರೆಡಿ" ಅಂತ ರಟ್ಟಿನ ಮೇಲೆ ಬರೆದು ಮೇಲ್ಗಡೆ ಅಂಟಿಸಿದೆ. ತಿಂಗಳಿಗೆ ಮೂರು ಹೋಗ್ತಿದ್ದ ಅಂಗಡೀಲಿ ಹದಿನೆಂಟು ಹೋಯ್ತು. ಆ ರಟ್ಟಿಗೆ ಖರ್ಚಾಗಿದ್ದು ಐದು ರೂಪಾಯಿ. ಅದಕ್ಕೂ ಮುಂಚೆ ಫೇಸ್‌ಬುಕ್ ಆ್ಯಡ್‌ಗೆ ಎಂಟು ಸಾವಿರ ಹಾಕಿದ್ದೆ, ಲೈಕ್ ಬಂತು, ಆರ್ಡರ್ ಬಂದಿದ್ದು ಬೆರಳೆಣಿಕೆ. ಆ್ಯಡ್ ದಂಡ ಅಂತ ಹೇಳ್ತಿಲ್ಲ, ಆ್ಯಡ್ ನೋಡಿದವರ ಪಕ್ಕದ ಅಂಗಡೀಲಿ ನಮ್ಮ ಮಾಲೇ ಇರ್ಲಿಲ್ಲ, ನೋಡಿ ಏನ್ ಮಾಡ್ತಾರೆ ಪಾಪ.

ಸ್ಯಾಂಪಲ್ ಕೊಡೋದ್ರಲ್ಲೂ ಒಂದು ವಿಷ್ಯ ಇದೆ. ಕಾರ್ತಿಕದ ಕಡೇ ಸೋಮವಾರ ಬಸವನಗುಡಿ ಕಡಲೆಕಾಯಿ ಪರಿಷೆಗೆ ಬರೋ ಜನಕ್ಕೆ ಅಂಗೈಗೆ ಚಿಟಿಕೆ ಪುಡಿ ಹಾಕಿ ಕೊಟ್ವಿ, ನೆಕ್ಕಿ ಖಾರ ಅಂತ ಮುಂದೆ ಹೋದ್ರು. ಬರೀ ಪುಡಿ ಯಾರು ತಿಂತಾರೆ? ಮುಂದೆ ಅಪಾರ್ಟ್‌ಮೆಂಟ್ ಸ್ಟಾಲ್ ಹಾಕಿದಾಗ ರೈಸ್ ಕುಕ್ಕರ್ ಇಟ್ಕೊಂಡು ಚಿಕ್ಕ ದೊನ್ನೇಲಿ ಬಿಸಿ ಅನ್ನ, ಪುಡಿ, ಮೇಲೊಂದು ಸೌಟು ಕಾಸಿದ ತುಪ್ಪ. ಆ ಘಮಕ್ಕೇ ಲಿಫ್ಟ್ ಇಂದ ಇಳಿದೋರು ತಿರುಗಿ ಬರ್ತಿದ್ರು. ಒಬ್ಬರು ಅಜ್ಜಿ ಎರಡು ದೊನ್ನೆ ತಿಂದು "ಬೆಲ್ಲ ಒಂಚೂರು ಮುಂದಿದೆ ಕಣಮ್ಮ" ಅಂದ್ರು, ಮನೆಗೆ ಬಂದು ನೋಡಿದ್ರೆ ಹೌದು, ಕಮ್ಮಿ ಮಾಡಿದ್ವಿ.

ಹತ್ತು ನಿಮಿಷದಲ್ಲಿ ತಂದ್ಕೊಡೋ ಒಂದು ಆ್ಯಪ್‌ನವರ ಹತ್ರಾನೂ ಮಾತಾಡಿದೆ, ಅವರು ಕೇಳಿದ ಮಾರ್ಜಿನ್, ಆ್ಯಪಲ್ಲಿ ಮೇಲೆ ಕಾಣಿಸೋಕೆ ಬೇರೆ ದುಡ್ಡು ಎಲ್ಲಾ ಕೂಡಿಸಿದ್ರೆ 60 ರೂಪಾಯಿ ಪ್ಯಾಕೆಟಲ್ಲಿ ನಂಗೆ ಏನೂ ಉಳೀತಿರ್ಲಿಲ್ಲ, ಬೇಡ ಅಂದೆ. ದೊಡ್ಡ ಪ್ಯಾಕ್ ಮಾಡಿದಾಗ ಮತ್ತೆ ಕೇಳ್ತೀನಿ.

ಈಗ 130 ಅಂಗಡಿ ಬಿಟ್ಟು 42 ಇಟ್ಕೊಂಡಿದೀನಿ, ಎಲ್ಲಾ ಸ್ಕೂಟರಲ್ಲಿ ಸುತ್ತೋ ಅಷ್ಟು ದೂರದಲ್ಲಿ. ಮಂಗಳವಾರ ಹನುಮಂತನಗರ, ಶ್ರೀನಗರ, ಗುರುವಾರ ತ್ಯಾಗರಾಜನಗರ, ಬನಶಂಕರಿ. ದುಡ್ಡು ಬಿಲ್ ಟು ಬಿಲ್, ಅಂದ್ರೆ ಹಿಂದಿನ ಬಿಲ್ಲಿಂದು ಕೊಟ್ರೆ ಹೊಸ ಮಾಲು, ಇದನ್ನ ಮೊದಲ ದಿನವೇ ನಗ್‌ನಗ್ತಾ ಹೇಳಿಬಿಡಿ, ಆಮೇಲೆ ಹೇಳಿದ್ರೆ ಮನಸ್ತಾಪ ಆಗುತ್ತೆ. ಸ್ಕೀಮ್ ಕೊಡಲ್ಲ, ಬದಲಿಗೆ ಡೇಟ್ ಮುಗಿಯೋಕೆ ಮೂರು ವಾರ ಇರೋವಾಗ್ಲೇ ನಾನೇ ಎತ್ಕೊಂಡು ಹೊಸ ಪ್ಯಾಕೆಟ್ ಇಟ್ಟು ಬರ್ತೀನಿ, ಅಂಗಡಿಯವರಿಗೆ ಸ್ಕೀಮ್‌ಗಿಂತ ಇದೇ ಇಷ್ಟ. ನೋಟ್ ಬುಕ್ಕಲ್ಲಿ ಅಂಗಡಿಗೊಂದು ಪುಟ, ಕೊಟ್ಟಿದ್ದು ಎಷ್ಟು, ಉಳಿದಿದ್ದು ಎಷ್ಟು, ಎರಡೇ ಕಾಲಂ.

ಗಿರಿನಗರ ಕಡೆ ಹೊಸದಾಗಿ ಐದು ಅಂಗಡಿ ಕೇಳಿದಾರೆ. ಒಂದೊಂದಕ್ಕೂ ಆರೇ ಆರು ಪ್ಯಾಕೆಟ್ ಕೊಟ್ಟು ಬಂದಿದೀನಿ, ಬರೋ ಗುರುವಾರ ಹೋಗಿ ಎಣಿಸ್ಬೇಕು.