ಭತ್ತದ ಗದ್ದೆಗೆ ನೀರು ಯಾವಾಗ? ಪೈಪ್ ನೋಡಿ, ಮೊಬೈಲ್ ನೋಡಿ

ನೀರು ನಿಂತ ಗದ್ದೆಯ ಮಣ್ಣಿಗೆ ಗಾಳಿಯಾಡುವುದಿಲ್ಲ. ಆ ಕೆಸರಿನ ಸೂಕ್ಷ್ಮಜೀವಿಗಳು ಮೀಥೇನ್ ಬಿಡುತ್ತವೆ. ಭೂಮಿಯ ಬಿಸಿ ಏರಿಸುವ ಅನಿಲವದು. ನೀರು ಇಂಗಿದ ಮೇಲೆ ಮತ್ತೆ ಕಟ್ಟುವ ಪದ್ಧತಿಯಲ್ಲಿ ಮೀಥೇನ್ ಸಾಕಷ್ಟು ತಗ್ಗುತ್ತದೆ, ನೀರೂ ಉಳಿಯುತ್ತದೆ. ಆದರೂ ರೈತರು ಹಿಂಜರಿಯುತ್ತಾರೆ. ಗದ್ದೆ ಆರಿದಾಗ ಮಳೆ ಕೈಕೊಟ್ಟರೆ? ಕರೆಂಟ್ ಹೋದರೆ? ಈ ಭಯ ಸಹಜ. ಅದನ್ನು ಕಳೆಯಲು ಉಪದೇಶ ಸಾಲದು, ಕಣ್ಣಿಗೆ ಕಾಣುವ ಅಳತೆ ಬೇಕು.

ಮೊದಲು ಪೈಪ್. ಸುಮಾರು 30 ಸೆಂ.ಮೀ. ಉದ್ದದ, ಒಳಗೆ ಕೈ ಹಿಡಿಸುವಷ್ಟು ಅಗಲದ ಪಿವಿಸಿ ತುಂಡು ತೆಗೆದುಕೊಳ್ಳಿ. ಕೆಳಗಿನ 20 ಸೆಂ.ಮೀ.ಗೆ ಸುತ್ತಲೂ ತೂತು ಕೊರೆಯಿರಿ. ತೂತಿನ ಭಾಗವನ್ನು ಬದುವಿನ ಹತ್ತಿರ, ಗದ್ದೆ ಸಮತಟ್ಟಾಗಿರುವ ಕಡೆ ಹೂತು ಒಳಗಿನ ಮಣ್ಣು ತೆಗೆಯಿರಿ. ನಾಟಿಯಾದ ಮೇಲೆ ಎರಡು ವಾರ ಗದ್ದೆಯಲ್ಲಿ ನೀರು ನಿಂತೇ ಇರಲಿ, ಇಲ್ಲವಾದರೆ ಕಳೆ ಮೇಲೇಳುತ್ತದೆ. ಆಮೇಲೆ ಪೈಪಿನೊಳಗಿನ ನೀರು ಮಣ್ಣಿನ ಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಮಾತ್ರ 5 ಸೆಂ.ಮೀ. ನೀರು ಕಟ್ಟಿ. ಮೇಲ್ಮಣ್ಣು ಬಿರುಕು ಬಿಟ್ಟಂತೆ ಕಂಡರೂ ಬೇರಿಗೆ ತೇವ ಸಿಗುತ್ತಿರುತ್ತದೆ. ಹೂ ಬಿಡುವ ಹೊತ್ತಿನಲ್ಲಿ, ಹಿಂದಿನ ವಾರದಿಂದ ಮುಂದಿನ ವಾರದವರೆಗೆ, ಗದ್ದೆ ಒಣಗಿಸಲೇಬೇಡಿ.

ಈಗ ಮೊಬೈಲ್. 2019ರಲ್ಲಿ ಬಂದ ‘ಮೇಘದೂತ್’ ಆ್ಯಪ್ ಮಂಗಳವಾರ, ಶುಕ್ರವಾರ ಮುಂದಿನ ಐದು ದಿನಗಳ ಮುನ್ಸೂಚನೆ, ಬೆಳೆ ಸಲಹೆ ಕೊಡುತ್ತದೆ. ಕನ್ನಡದಲ್ಲೂ ಇದೆ. ಪೈಪಿನಲ್ಲಿ ನೀರು ಇನ್ನೂ ಮೇಲಿದ್ದು ಒಳ್ಳೆ ಮಳೆಯ ಸೂಚನೆ ಇದ್ದರೆ ಪಂಪ್ ಹಾಕದೆ ಕಾಯಬಹುದು. ನೀರು 15 ಸೆಂ.ಮೀ. ಕೆಳಗಿಳಿದಿದ್ದರೆ ಮಾತ್ರ ಮುನ್ಸೂಚನೆ ನೆಚ್ಚಿ ಕೂರಬೇಡಿ, ನೀರು ಕಟ್ಟಿ.

ಯೂರಿಯಾ ವಿಷಯಕ್ಕೆ ಮಣ್ಣು ಆರೋಗ್ಯ ಚೀಟಿ ತೆರೆಯಿರಿ. ಅದರ 12 ಅಂಶಗಳಲ್ಲಿ ಸಾರಜನಕ, ಸಾವಯವ ಇಂಗಾಲದ ಸಾಲುಗಳನ್ನು ಮೊದಲು ನೋಡಿ, ಅರ್ಥವಾಗದಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಮೇಲುಗೊಬ್ಬರವನ್ನು ನೀರು ಕಟ್ಟುವ ಮುಂಚೆ, ಆರಿದ ಮಣ್ಣಿಗೆ ಕೊಡಿ. ಹೆಚ್ಚಾದ ಸಾರಜನಕದ ಒಂದು ಪಾಲು ನೈಟ್ರಸ್ ಆಕ್ಸೈಡ್ ಎಂಬ ಅನಿಲವಾಗಿ ಹಾರುತ್ತದೆ. ಭೂಮಿಯ ಬಿಸಿ ಏರಿಸುವ ಅದರ ಶಕ್ತಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಜಾಸ್ತಿ.

ಮೊದಲ ಹಂಗಾಮಿಗೆ ಒಂದೇ ಮಡಿ ಸಾಕು. ಪಂಪ್ ಓಡಿದ ಗಂಟೆ, ಹಾಕಿದ ಗೊಬ್ಬರ, ಬಂದ ಇಳುವರಿ ಬರೆದಿಡಿ. ಪಕ್ಕದ ಹೊಲದವರನ್ನು ಒಪ್ಪಿಸುವುದು ಯಾವ ಆ್ಯಪ್‌ಗಿಂತಲೂ ಈ ಲೆಕ್ಕವೇ ಎಂಬುದು ನನ್ನ ನಂಬಿಕೆ.

ಇದೆಲ್ಲ ಬೋರ್‌ವೆಲ್ ಇದ್ದವರಿಗೆ ಸುಲಭ. ಕಾಲುವೆ ನೀರಿನವರಿಗೆ ಸರದಿ ತಮ್ಮ ಕೈಯಲ್ಲಿಲ್ಲ. ಅಲ್ಲಿ ನೀರು ಬಳಕೆದಾರರ ಸಹಕಾರ ಸಂಘ ನೀರು ಬಿಡುವ ದಿನಗಳನ್ನು ಮುಂಚಿತವಾಗಿ ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಬೇಕು. ಮುಂದಿನ ಸಭೆಯಲ್ಲಿ ಅದನ್ನು ಕೇಳಿ.