ಮನೆಯ ಸಾಬೂನಿಗೆ ನಂಬುವಂಥ ಲೆಕ್ಕ ಸಿಕ್ಕಿದ್ದು ಹೀಗೆ

ನನ್ನ ಮೊದಲ ಸಾಬೂನು ನೋಡೋದಕ್ಕೆ ಚೆನ್ನಾಗಿಯೇ ಇತ್ತು. ಬೆಳ್ಳಗೆ, ಗಟ್ಟಿ. ಮೂರನೇ ದಿನ ಚಾಕು ಇಟ್ಟಾಗ ಹೋಳಾಗಲಿಲ್ಲ, ಸುಣ್ಣದ ಹೆಂಟೆಯ ಹಾಗೆ ಪುಡಿಪುಡಿಯಾಯಿತು. ಅಂಚಿನಲ್ಲಿ ಬಿಳಿ ಬೂದಿಯಂಥದ್ದು ಕೂತಿತ್ತು. ಒಂದು ಚೂರನ್ನು ಒದ್ದೆ ಕೈಯಲ್ಲಿ ಉಜ್ಜಿದೆ. ನೊರೆ ಬಂತು, ಹಿಂದೆಯೇ ಬೆರಳ ಸಂದಿಯಲ್ಲಿ ಉರಿ ಶುರುವಾಯಿತು. ನಲ್ಲಿ ಬಿಟ್ಟು ಎಷ್ಟೋ ಹೊತ್ತು ಕೈ ಹಿಡಿದುಕೊಂಡು ನಿಂತೆ.

ನಮ್ಮ ಮನೆ ಕಲಬುರಗಿಯ ಬ್ರಹ್ಮಪುರದಲ್ಲಿ. ಇಲ್ಲಿ ಬೇಸಿಗೆ ಅಂದರೆ 42 ಡಿಗ್ರಿ ದಾಟೋದು ಮಾಮೂಲಿ. ನಮ್ಮ ಅತ್ತೆಗೆ ಆ ಮೂರು ತಿಂಗಳು ಮೈ ಒಣಗಿ ಬಿಗಿಯಾಗುತ್ತದೆ. ಅಂಗಡಿಯ ಸಾಬೂನು ಹಚ್ಚಿದರೆ ಚರ್ಮ ಎಳೆದ ಹಾಗಾಗುತ್ತದೆ ಅಂತ ಕಡಲೆ ಹಿಟ್ಟಿನಲ್ಲೇ ಸ್ನಾನ ಮುಗಿಸುತ್ತಿದ್ದರು. ಅವರಿಗಾಗಿ ಮನೆಯಲ್ಲೇ ಸಾಬೂನು ಮಾಡೋಣ ಅಂತ ಹೊರಟೆ. ಕಲಸೋದು, ಅಚ್ಚಿಗೆ ಸುರಿಯೋದು ಅಂಥ ದೊಡ್ಡ ಕೆಲಸ ಅಲ್ಲ. ಯಾರ ಮಾತು ನಂಬಬೇಕು ಅನ್ನೋದು ತಿಳಿಯೋದಕ್ಕೇ ನನಗೆ ಒಂದು ವರ್ಷ ಹಿಡಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನೋಡಿದ್ದು ವಿಡಿಯೋಗಳನ್ನು. ಹತ್ತು ವಿಡಿಯೋ ನೋಡಿದರೆ ಹತ್ತು ಅಳತೆ. ಒಬ್ಬರು ಒಂದು ಲೋಟ ಎಣ್ಣೆಗೆ ಎರಡು ಚಮಚ ಕಾಸ್ಟಿಕ್ ಸೋಡಾ ಅಂದರು, ಇನ್ನೊಬ್ಬರು ನಾಲ್ಕು ಚಮಚ ಅಂದರು. ಮತ್ತೊಬ್ಬರು ಕಾಸ್ಟಿಕ್ ಬೇಡವೇ ಬೇಡ, ಇದು ಪೂರ್ತಿ ನೈಸರ್ಗಿಕ ಅಂದರು. ಆ ಕೊನೆಯದು ನನಗೆ ತುಂಬಾ ಹಿಡಿಸಿತ್ತು. ಆಮೇಲೆ ಗೊತ್ತಾಯಿತು, ಅವರು ಕರಗಿಸಿ ಸುರಿಯುತ್ತಿದ್ದದ್ದು ಅಂಗಡಿಯಲ್ಲಿ ಸಿಗುವ ಸಿದ್ಧ ಸಾಬೂನಿನ ಗಟ್ಟಿ. ಅದರಲ್ಲಿ ಕಾಸ್ಟಿಕ್ಕಿನ ಕೆಲಸ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಎಣ್ಣೆ ಸಾಬೂನಾಗಬೇಕಾದರೆ ಕ್ಷಾರ ಬೇಕೇ ಬೇಕು, ಕಾಸ್ಟಿಕ್ ಸೋಡಾ ಅಂಥದ್ದೇ ಒಂದು ಕ್ಷಾರ. ಲೆಕ್ಕ ಸರಿ ಇದ್ದರೆ ಎಣ್ಣೆಯ ಜೊತೆ ಸೇರಿ ಆ ಕಾಸ್ಟಿಕ್ ಪೂರ್ತಿ ಮುಗಿದುಹೋಗುತ್ತದೆ, ಸಾಬೂನು ಮತ್ತು ಗ್ಲಿಸರಿನ್ ಉಳಿಯುತ್ತವೆ. ಲೆಕ್ಕ ತಪ್ಪಿದರೆ ಅದು ಹಾಗೇ ಒಳಗೆ ಉಳಿದು ಮೈ ಸುಡುತ್ತದೆ.

ಚಮಚದ ಮಾತು ಬಿಟ್ಟು ಪುಸ್ತಕ ಹಿಡಿದೆ. ಮಗಳ ಡಿಗ್ರಿಯ ರಸಾಯನಶಾಸ್ತ್ರ ಪುಸ್ತಕದಲ್ಲಿ ಎಣ್ಣೆಗಳ ಪಟ್ಟಿ ಇತ್ತು. ಕೊಬ್ಬರಿ ಎಣ್ಣೆಯ ಎದುರು 257 ಅಂತ ಅಂಕಿ. ಒಂದು ಗ್ರಾಂ ಎಣ್ಣೆ ಸಾಬೂನಾಗೋದಕ್ಕೆ 257 ಮಿಲಿಗ್ರಾಂ ಕ್ಷಾರ ಬೇಕು ಅಂತ ಅರ್ಥ. 500 ಗ್ರಾಂ ಎಣ್ಣೆಗೆ 128 ಗ್ರಾಂ ಅಂತ ಲೆಕ್ಕ ಹಾಕಿ, ಅಷ್ಟೂ ಹಾಕಿದೆ. ಪುಡಿಯಾಗಿ ಕೈ ಉರಿಸಿದ್ದು ಅದೇ ಸಾಬೂನು.

ಪುಸ್ತಕ ತಪ್ಪಾಗಿರಲಿಲ್ಲ. ನಮ್ಮ ಓಣಿಯಲ್ಲಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿ ನಿವೃತ್ತರಾದ ಹಿರಿಯರೊಬ್ಬರು ಇದ್ದಾರೆ. ಸಾಬೂನಿನ ಪುಡಿಯನ್ನೂ ಲೆಕ್ಕದ ಚೀಟಿಯನ್ನೂ ಅವರ ಮುಂದೆ ಇಟ್ಟೆ. ಅವರು ಸಾಬೂನು ಮುಟ್ಟಲೇ ಇಲ್ಲ, ಚೀಟಿ ನೋಡಿದರು.

"ತಂಗಿ, ಈ ಅಂಕಿ ಪೊಟ್ಯಾಶಿಯಂ ಹೈಡ್ರಾಕ್ಸೈಡಿಂದು ಅದ. ನೀ ತಂದು ಹಾಕಿದ್ದು ಸೋಡಿಯಂ."

ಪುಸ್ತಕದ ಪಟ್ಟಿಗಳೆಲ್ಲ ಪೊಟ್ಯಾಶಿಯಂ ಲೆಕ್ಕದಲ್ಲೇ ಇರುತ್ತವಂತೆ. ಅದರಿಂದ ಮೆತ್ತನೆಯ, ನೀರಾದ ಸಾಬೂನು ಆಗುತ್ತದೆ. ಗಟ್ಟಿ ಬಿಲ್ಲೆಗೆ ಬೇಕಾದ್ದು ಸೋಡಿಯಂ ಹೈಡ್ರಾಕ್ಸೈಡ್, ಅದೇ ನಾವು ಹೇಳುವ ಕಾಸ್ಟಿಕ್ ಸೋಡಾ. ಅದರ ಅಣುತೂಕ 40, ಪೊಟ್ಯಾಶಿಯಂ ಹೈಡ್ರಾಕ್ಸೈಡಿನದು 56.1. 40ನ್ನು 56.1ರಿಂದ ಭಾಗಿಸಿದರೆ 0.713, ಹಾಗಾಗಿ ಪುಸ್ತಕದ ಅಂಕಿಯನ್ನು ಅದರಿಂದ ಗುಣಿಸಬೇಕು. 257 ಆಗ 183 ಆಗುತ್ತದೆ. 500 ಗ್ರಾಂ ಕೊಬ್ಬರಿ ಎಣ್ಣೆಗೆ ಬೇಕಿದ್ದದ್ದು 92 ಗ್ರಾಂ ಹತ್ತಿರ. ನಾನು 36 ಗ್ರಾಂ ಜಾಸ್ತಿ ಹಾಕಿದ್ದೆ. ಆ ಇಡೀ ಸಾಬೂನನ್ನು ಅತ್ತೆಯ ಕೈಗೆ ಸಿಗದ ಹಾಗೆ ತೆಗೆದಿಟ್ಟೆ. ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆವತ್ತಿನಿಂದ ಯಾರೇ ಸಾಬೂನಿನ ವಿಧಾನ ಹೇಳಲಿ, ನಾನು ಮೊದಲು ನೋಡೋದು ಒಂದೇ. 100 ಗ್ರಾಂ ಕೊಬ್ಬರಿ ಎಣ್ಣೆಗೆ ಇವರು ಎಷ್ಟು ಕಾಸ್ಟಿಕ್ ಹೇಳುತ್ತಾರೆ? ಪೂರ್ತಿ ಲೆಕ್ಕ 18.3 ಗ್ರಾಂ. ಸ್ವಲ್ಪ ಎಣ್ಣೆ ಉಳಿಯಲಿ ಅಂತ ನೂರಕ್ಕೆ ಐದರಷ್ಟು ಕಮ್ಮಿ ಮಾಡಿದ್ದರೆ 17.4. ಈ ಆಸುಪಾಸಿನಲ್ಲಿದ್ದರೆ ಮುಂದೆ ಓದುತ್ತೇನೆ. 25ರ ಹತ್ತಿರ ಇದ್ದರೆ ನಾನು ಮಾಡಿದ ತಪ್ಪನ್ನೇ ಅವರೂ ಮಾಡಿದ್ದಾರೆ ಅಂತ ತಿಳಿಯುತ್ತೇನೆ. ಚಮಚದಲ್ಲಿ ಹೇಳಿದ್ದರೆ ಓದೋದೇ ಇಲ್ಲ. ಕಾಸ್ಟಿಕ್ ಚಕ್ಕೆಯಾಗಿಯೂ ಸಿಗುತ್ತದೆ, ಕಾಳಾಗಿಯೂ ಸಿಗುತ್ತದೆ. ಚಮಚದಲ್ಲಿ ಎರಡರ ತೂಕ ಒಂದೇ ಇರಲ್ಲ ಅಲ್ವಾ? ಒಂದು ಗ್ರಾಂವರೆಗೆ ತೋರಿಸುವ ಅಡುಗೆ ಮನೆಯ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು.

ಉಳಿದ ಎಣ್ಣೆಗಳ ಅಂಕಿ ಎಲ್ಲಿ ನೋಡಬೇಕು ಅಂತ ಹುಡುಕುವಾಗ ಒಳ್ಳೆಯ ಆಧಾರ ಸಿಕ್ಕಿದ್ದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮಗಳಲ್ಲಿ. ಎಣ್ಣೆ ಪ್ಯಾಕೆಟ್ಟಿನ ಮೇಲೆ ಎಫ್ಎಸ್ಎಸ್ಎಐ ಅಂತ ಇರುತ್ತದಲ್ಲ, ಅವರೇ. ಕಲಬೆರಕೆ ಹಿಡಿಯೋದಕ್ಕೆ ಅವರು ಪ್ರತಿ ಎಣ್ಣೆಗೂ ಈ ಅಂಕಿಯ ಮಿತಿ ಹಾಕಿದ್ದಾರೆ. ಕೊಬ್ಬರಿ ಎಣ್ಣೆಗೆ 250ಕ್ಕಿಂತ ಕಮ್ಮಿ ಇರಬಾರದು. ಶೇಂಗಾ ಎಣ್ಣೆಗೆ 188ರಿಂದ 196. ಕುಸುಬೆಗೆ 186ರಿಂದ 196. ಇವೂ ಪೊಟ್ಯಾಶಿಯಂ ಲೆಕ್ಕವೇ, 0.713 ಮರೆಯಬಾರದು. ಇದನ್ನು ಕೈಲೆಕ್ಕ ಮಾಡಿ, ಆಮೇಲೆ ಮೊಬೈಲಿನಲ್ಲಿ ಸಿಗುವ ಸಾಬೂನಿನ ಕ್ಯಾಲ್ಕುಲೇಟರಿನಲ್ಲಿ ಅದೇ ಎಣ್ಣೆ, ಅದೇ ತೂಕ ಹಾಕಿ ನೋಡುತ್ತೇನೆ. ಎರಡೂ ಕೂಡಿಬಂದರೆ ಮಾತ್ರ ಕಾಸ್ಟಿಕ್ ಡಬ್ಬಿ ತೆರೆಯೋದು. ಕ್ಯಾಲ್ಕುಲೇಟರಿನಲ್ಲಿ ಸೋಡಿಯಂ ಅಂತ ಆಯ್ಕೆ ಆಗಿದೆಯಾ ಅಂತ ಎರಡು ಸಲ ನೋಡುತ್ತೇನೆ.

ಲೆಕ್ಕ ಸರಿಯಾದ ಮೇಲೂ ಒಂದು ಪೆಟ್ಟು ತಿಂದೆ. ಅದು ಕುಸುಬೆಯಿಂದ. ನಮ್ಮ ಕಡೆ ಕುಸುಬಿ ಎಣ್ಣಿ ಅಂದರೆ ಮನೆಯ ಎಣ್ಣೆ, ಗಾಣದಲ್ಲಿ ತಾಜಾ ಸಿಗುತ್ತದೆ. ಹೊರದೇಶದವರು ಬರೆದದ್ದನ್ನು ಓದಿದರೆ ಅವರೂ ಕುಸುಬೆಯನ್ನು ಹೊಗಳಿದ್ದರು. ಅರ್ಧದಷ್ಟು ಅದನ್ನೇ ಹಾಕಿ ಮಾಡಿದೆ. ಎರಡು ತಿಂಗಳಿಗೆ ಬಿಲ್ಲೆಗಳ ಮೇಲೆ ಕಿತ್ತಳೆ ಬಣ್ಣದ ಚುಕ್ಕೆ ಎದ್ದವು. ಮೂಗಿನ ಹತ್ತಿರ ಹಿಡಿದರೆ ಹಳೇ ಹಪ್ಪಳ ಕರಿದ ಎಣ್ಣೆಯ ಕಮಟು. ಕಾರಣ ಹುಡುಕುತ್ತಾ ಹೋದಾಗ ತಿಳಿಯಿತು, ಕುಸುಬೆಯಲ್ಲಿ ಎರಡು ಜಾತಿ. ಒಂದರಲ್ಲಿ ಒಲೀಕ್ ಅನ್ನುವ ಕೊಬ್ಬಿನಾಮ್ಲ ಜಾಸ್ತಿ, ಅದು ಬೇಗ ಕೆಡಲ್ಲ. ನಮ್ಮ ಹೊಲಗಳಲ್ಲಿ ಬೆಳೆಯುತ್ತ ಬಂದ ಜಾತಿಯಲ್ಲಿ ಲಿನೋಲೀಕ್ ಆಮ್ಲ ನೂರಕ್ಕೆ 70ಕ್ಕಿಂತ ಜಾಸ್ತಿ. ಗಾಳಿಗೆ, ಬಿಸಿಗೆ ಅದು ಬೇಗ ಹಾಳಾಗುತ್ತದೆ. ಅವರು ಹೊಗಳಿದ್ದು ಮೊದಲನೆಯದನ್ನು. ಸಾಬೂನಿಗೆ ಬೇಕಾಗುವ ಕ್ಷಾರದ ಅಂಕಿ ಎರಡಕ್ಕೂ ಹೆಚ್ಚುಕಮ್ಮಿ ಒಂದೇ, ಹಾಗಾಗಿ ಲೆಕ್ಕ ನೋಡಿದರೆ ಗೊತ್ತಾಗಲ್ಲ. ಈಗ ಕುಸುಬೆ ಎಣ್ಣೆಯನ್ನು ಅಡುಗೆಗೇ ಬಿಟ್ಟಿದ್ದೇನೆ.

ಬೇರೆ ದೇಶದ ಬರಹದಲ್ಲಿ ಕೋಣೆಯ ಉಷ್ಣತೆ ಅಂತ ಬಂದಾಗಲೂ ನಾನು ನಿಂತು ಯೋಚನೆ ಮಾಡುತ್ತೇನೆ. ಅವರ ಕೋಣೆ 20 ಡಿಗ್ರಿ, ಮೇ ತಿಂಗಳ ನಮ್ಮ ಕೋಣೆ 38. ಕೊಬ್ಬರಿ ಎಣ್ಣೆ 24 ಡಿಗ್ರಿಗೆ ಕರಗುತ್ತದೆ, ಅಂದರೆ ಇಲ್ಲಿ ಚಳಿಗಾಲದ ಬೆಳಗು ಬಿಟ್ಟರೆ ಅದು ಹೆಚ್ಚಾಗಿ ನೀರೇ. ಬೇಸಿಗೆಯಲ್ಲಿ ಮಿಶ್ರಣ ತಾನೇ ಬಿಸಿಯಾಗಿ ಅಚ್ಚಿನಲ್ಲಿ ಉಬ್ಬಿ ಮಧ್ಯದಲ್ಲಿ ಸೀಳುತ್ತದೆ. ಅದಕ್ಕೆ ಆ ತಿಂಗಳುಗಳಲ್ಲಿ ಬೆಳಗಿನ ಜಾವ ಐದಕ್ಕೆ ಕೂರುತ್ತೇನೆ. ಅಚ್ಚಿಗೆ ಬಟ್ಟೆ ಹೊದಿಸಿ ಅಂತ ಅವರು ಬರೆದಿರುತ್ತಾರೆ, ನಾನು ಹೊದಿಸಲ್ಲ.

ಸಾಮಾನು ಕೊಳ್ಳುವುದೂ ಒಂದು ವಿದ್ಯೆಯೇ. ಸೂಪರ್ ಮಾರ್ಕೆಟ್ ಕಡೆ ಕಾಸ್ಟಿಕ್ ಕೇಳಿದಾಗ ಅಂಗಡಿಯವರು "ಮೋರಿಗಿ ಏನ್ರಿ ಅಕ್ಕೋರೆ?" ಅಂತ ಒಂದು ಪುಡಿ ತೆಗೆದುಕೊಟ್ಟರು. ಮೋರಿ ಬಿಡಿಸುವ ಪುಡಿಗಳಲ್ಲಿ ಕೆಲವಕ್ಕೆ ಅಲ್ಯೂಮಿನಿಯಂ ಚೂರು ಸೇರಿಸಿರುತ್ತಾರೆ, ಸಾಬೂನಿಗೆ ಅದು ಆಗಲ್ಲ. ನಾನು ಚೀಲದ ಮೇಲೆ ಸೋಡಿಯಂ ಹೈಡ್ರಾಕ್ಸೈಡ್ ಅಂತಲೂ ಶುದ್ಧತೆ 98ರ ಹತ್ತಿರ ಅಂತಲೂ ಬರೆದಿದ್ದರೆ ಮಾತ್ರ ತರುತ್ತೇನೆ. ಅರ್ಧ ಕಿಲೋಗಿಂತ ಜಾಸ್ತಿ ತರಲ್ಲ. ಮಳೆಗಾಲದಲ್ಲಿ ಅದು ಗಾಳಿಯ ತೇವ ಹೀರಿ ಅಂಟಂಟಾಗುತ್ತದೆ, ಆಮೇಲೆ ತಕ್ಕಡಿ ತೋರಿಸೋದು ನೀರಿನ ತೂಕವನ್ನೂ ಸೇರಿಸಿ.

ಕೊಬ್ಬರಿ ಎಣ್ಣೆಯಲ್ಲೂ ಹೀಗೇ. ತಲೆಗೆ ಹಚ್ಚುವ ಎಣ್ಣೆ ಅಂತ ಮಾರುವ ಕೆಲವು ಬಾಟಲಿಗಳಲ್ಲಿ ಲಿಕ್ವಿಡ್ ಪ್ಯಾರಾಫಿನ್ ಇರುತ್ತದೆ. ಅದು ಪೆಟ್ರೋಲಿಯಂನಿಂದ ಬಂದದ್ದು, ಕಾಸ್ಟಿಕ್ ಹಾಕಿದರೂ ಸಾಬೂನಾಗಲ್ಲ. ಎಣ್ಣೆ ಅಷ್ಟು ಇದೆ ಅಂತ ಲೆಕ್ಕ ಹಾಕಿ ಕಾಸ್ಟಿಕ್ ಸುರಿದರೆ ಅಷ್ಟು ಕಾಸ್ಟಿಕ್ ಹಾಗೇ ಉಳಿಯುತ್ತದೆ. ತಿನ್ನುವ ಎಣ್ಣೆ ಅಂತ ಬರೆದಿರುವುದನ್ನೇ ಕೊಳ್ಳಬೇಕು. ಶೇಂಗಾ ಎಣ್ಣೆಯನ್ನು ಗಾಣದಲ್ಲಿ ಕಣ್ಣೆದುರಿಗೆ ತೆಗೆಸಿಕೊಂಡು ಬರುತ್ತೇನೆ. ನನ್ನ ಮಟ್ಟಿಗೆ ಯಾವ ಪುಸ್ತಕಕ್ಕೂ ಕಮ್ಮಿ ಇಲ್ಲದ ಆಧಾರ ಆ ಗಾಣದ ಅಣ್ಣ. ಯಾವ ವಾರದ ಕಾಳು, ಎಷ್ಟು ದಿನದ ಎಣ್ಣೆ, ಎಲ್ಲ ಬಾಯಿಬಿಟ್ಟು ಹೇಳುತ್ತಾರೆ.

ಈಗ ಅತ್ತೆಗೆ ಮಾಡುವ ಸಾಬೂನಿನ ಲೆಕ್ಕ ಇದು. ಕೊಬ್ಬರಿ ಎಣ್ಣೆ 250 ಗ್ರಾಂ, ಶೇಂಗಾ ಎಣ್ಣೆ 200, ಔಡಲ ಎಣ್ಣೆ 50. ಕಾಸ್ಟಿಕ್ ಕ್ರಮವಾಗಿ 45.8, 27.2, 6.4, ಒಟ್ಟು 79.4 ಗ್ರಾಂ. ಅವರ ಒಣ ಚರ್ಮಕ್ಕೆ ನೂರಕ್ಕೆ ಎಂಟು ಕಮ್ಮಿ ಮಾಡಿ 73 ಗ್ರಾಂ ಹಾಕುತ್ತೇನೆ. ನೀರು ಅದರ ಎರಡು ಪಟ್ಟು, 146 ಗ್ರಾಂ. ನಮ್ಮ ಬೋರಿನ ನೀರು ಗಡುಸು, ಅದಕ್ಕೆ ಫಿಲ್ಟರ್ ನೀರನ್ನೇ ಬಳಸುತ್ತೇನೆ. ಕೊಬ್ಬರಿ ಜಾಸ್ತಿ ಮಾಡಿದರೆ ನೊರೆ ಚೆನ್ನಾಗಿ ಬರುತ್ತದೆ, ಆದರೆ ಮೈ ಎಳೆಯುತ್ತದೆ. ಈ ಅಂಕಿಗಳನ್ನೂ ಸುಮ್ನೆ ನಂಬಬೇಡಿ, ನೀವೂ ಗುಣಿಸಿ ನೋಡಿ.

ಕಾಸ್ಟಿಕ್ ಕಲಸುವ ಹೊತ್ತಿನ ಮಾತು ಹೇಳದ ವಿಧಾನವನ್ನು ನಾನು ಮುಟ್ಟಲ್ಲ. ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ಕಿಗೆ ನೀರು ಸುರಿಯಬಾರದು. ಸುರಿದರೆ ಕುದ್ದು ಮೇಲೆ ಸಿಡಿಯುತ್ತದೆ. ಸ್ಟೀಲ್ ಡಬರಿ ಮಾತ್ರ. ನಮ್ಮ ಕಡೆ ಜರ್ಮನ್ ಪಾತ್ರೆ ಅನ್ನುವ ಅಲ್ಯೂಮಿನಿಯಂ ಪಾತ್ರೆಯನ್ನು ಕಾಸ್ಟಿಕ್ ತಿಂದುಹಾಕುತ್ತದೆ, ಹೈಡ್ರೋಜನ್ ಅನಿಲ ಬರುತ್ತದೆ. ನಾನು ಮಹಡಿಯ ಮೇಲೆ ಹೋಗಿ, ಕನ್ನಡಕ, ರಬ್ಬರ್ ಕೈಗವಸು ಹಾಕಿಕೊಂಡು, ಉದ್ದ ತೋಳಿನ ಹಳೆಯ ಅಂಗಿ ತೊಟ್ಟು ಕಲಸುತ್ತೇನೆ. ಒಲೆ ಇಲ್ಲದೆಯೇ ಡಬರಿ ಮುಟ್ಟಲಾರದಷ್ಟು ಕಾಯುತ್ತದೆ. ಮೈಮೇಲೆ ಹನಿ ಬಿದ್ದರೆ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕು. ಲಿಂಬೆರಸ, ವಿನೆಗರ್ ಹಚ್ಚಿ ಅಂತ ಹೇಳುವವರಿದ್ದಾರೆ, ಕೇಳಬೇಡಿ. ಕಣ್ಣಿಗೆ ಸಿಡಿದರೆ ತೊಳೆಯುತ್ತಲೇ ಆಸ್ಪತ್ರೆಗೆ ಓಡಬೇಕು.

ಕ್ಷಾರದ ನೀರು, ಎಣ್ಣೆ ಎರಡೂ ಉಗುರುಬೆಚ್ಚಗಾದ ಮೇಲೆ ಕೂಡಿಸಿ ಬ್ಲೆಂಡರ್ ಹಿಡಿದರೆ ಐದಾರು ನಿಮಿಷಕ್ಕೆ ಅಂಬಲಿಯ ಹದಕ್ಕೆ ಬರುತ್ತದೆ. ಮೇಲೆ ಗೆರೆ ಎಳೆದರೆ ಗೆರೆ ನಿಲ್ಲಬೇಕು. ಅಚ್ಚಿಗೆ ಸುರಿದು, ಮರುದಿನ ಕತ್ತರಿಸಿ, ನಾಲ್ಕರಿಂದ ಆರು ವಾರ ಗಾಳಿಗೆ ಇಡೋದು. ನಮ್ಮ ಒಣ ಹವೆಯಲ್ಲಿ ಎರಡೇ ವಾರಕ್ಕೆ ಗಟ್ಟಿಯಾಗಿ ಕಾಣುತ್ತದೆ, ಆದರೂ ನಾಲ್ಕು ವಾರ ಬಿಡುತ್ತೇನೆ.

ಕಲಿಯೋದಕ್ಕೆ ಜನ ಬೇಕು ಅನ್ನುವವರಿಗೆ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಇದೆ. 1957ರಿಂದ ಇರುವ ಈ ಆಯೋಗ ತಿನ್ನದ ಎಣ್ಣೆಗಳಿಂದ ಸಾಬೂನು ಮಾಡೋದನ್ನು ಗ್ರಾಮೋದ್ಯೋಗವಾಗಿ ಬೆಳೆಸಿಕೊಂಡು ಬಂದಿದೆ. ಮಾರುವ ಯೋಚನೆ ಇದ್ದರೆ ಮೊದಲೇ ತಿಳಿದಿರಲಿ, 2020ರ ಸೌಂದರ್ಯವರ್ಧಕಗಳ ನಿಯಮದ ಪ್ರಕಾರ ಪರವಾನಗಿ ಬೇಕು. ನಾನು ಮನೆಯವರಿಗೆ ಮಾತ್ರ ಮಾಡುತ್ತೇನೆ.

ಈ ವಾರ 50 ಗ್ರಾಂ ಬೇವಿನ ಎಣ್ಣೆ ಹಾಕಿ ಮಾಡಿದೆ. ಬೇವಿಗೆ ಒಂದು ಕಡೆ 180ರ ಅಂಕಿ ಸಿಕ್ಕಿತು, ಇನ್ನೊಂದು ಕಡೆ 200 ದಾಟಿತ್ತು. 50 ಗ್ರಾಂ ಎಣ್ಣೆಗೆ ಇದರಿಂದ ಒಂದು ಗ್ರಾಮಿನಷ್ಟೂ ವ್ಯತ್ಯಾಸ ಬರಲ್ಲ. ಆದರೂ ಕಮ್ಮಿ ಅಂಕಿಯನ್ನೇ ಹಿಡಿದೆ, ಎಣ್ಣೆ ಉಳಿದರೆ ಪರವಾಗಿಲ್ಲ, ಕಾಸ್ಟಿಕ್ ಉಳಿಯಬಾರದು. ಬಿಲ್ಲೆಗಳು ಕಂದು ಹಸಿರಾಗಿ ಬಂದಿವೆ, ವಾಸನೆ ಜೋರಾಗಿದೆ. ಅಟ್ಟದ ಮೇಲೆ ಬಿದಿರಿನ ಮೊರದಲ್ಲಿ ಸಾಲಾಗಿ ಇಟ್ಟು, ತಾರೀಖು ಬರೆದ ಚೀಟಿ ಸಿಕ್ಕಿಸಿದ್ದೇನೆ. ಅತ್ತೆ ದಿನಕ್ಕೊಂದು ಸಲ ಮೊರದ ಹತ್ತಿರ ಬಂದು, ಮೂಸಿ ನೋಡಿ, "ಇನ್ನೆಷ್ಟು ದಿನ ಬೇಕವ್ವ?" ಅಂತ ಕೇಳಿ ಹೋಗುತ್ತಾರೆ.